ಹಿದೆಯೊ ನೊಗುಚಿ ಮತ್ತು ಹಳದಿ ಜ್ವರ

ಕಳೆದ ವರ್ಷ ನಮ್ಮ ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ನಾನು ಜಪಾನಿನ ವೈದ್ಯವಿಜ್ಞಾನಿ ಹಿದೆಯೊ ನೊಗುಚಿಯನ್ನು ಕುರಿತು ಮಾತನಾಡಿದ್ದು ಕೆಲವು ಮಿತ್ರರಿಗಾದರೂ ನೆನಪಿರಬಹುದು. ಬಡ ರೈತನ ಮನೆಯಲ್ಲಿ ಹುಟ್ಟಿ, ಸುಟ್ಟ ಕೈಯೊಂದಿಗೆ ಬೆಳೆದು, ಹಳದಿ ಜ್ವರದ ರೋಗಾಣುವನ್ನು ಕಂಡುಹಿಡಿದು, ಕೊನೆಗೆ ಆಫ್ರಿಕದಲ್ಲಿ ಪ್ರಾಣವನ್ನೇ ಅರ್ಪಿಸಿದ ಮಹಾನುಭಾವನೆಂದು ಆತನನ್ನು ಬಣ್ಣಿಸಿದ್ದೆ. ಚಪ್ಪಾಳೆ ಬಿತ್ತು, ಬಹುಮಾನವೂ ಬಂತು. ಮರುದಿನ ಗ್ರಂಥಾಲಯದ ಬಾಗಿಲಲ್ಲಿ ನಮ್ಮ ಅಧ್ಯಾಪಕರೊಬ್ಬರು ನನ್ನನ್ನು ನಿಲ್ಲಿಸಿ, ರೋಗಾಣುವನ್ನು ಕಂಡುಹಿಡಿದು ಅದಕ್ಕೆ ಲಸಿಕೆಯನ್ನೂ ಮಾಡಿದವನು ಅದೇ ರೋಗದಿಂದ ಸತ್ತದ್ದು ಹೇಗೆಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಹೈಸ್ಕೂಲಿನಲ್ಲಿ ಬಹುಮಾನವಾಗಿ ಬಂದ ಒಂದು ಸಣ್ಣ ಪುಸ್ತಕವನ್ನು ನಂಬಿ ಮಾತನಾಡಿದ್ದೆನೇ ಹೊರತು, ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ಆಮೇಲೆ ಹುಡುಕಿ ಓದಿದೆ. ನೊಗುಚಿ ಹಳದಿ ಜ್ವರದ ರೋಗಾಣುವನ್ನು ಕಂಡುಹಿಡಿದಿರಲಿಲ್ಲ. ಕಂಡುಹಿಡಿದೆನೆಂದು ನಂಬಿದ್ದನು, ಲೋಕವನ್ನೂ ನಂಬಿಸಿದ್ದನು. ನಾನು ನಿಮ್ಮೆಲ್ಲರ ಮುಂದೆ ಆಡಿದ್ದು ಸುಳ್ಳಾಯಿತು. ಅದನ್ನು ನಿಮ್ಮೆದುರಿಗೇ ತಿದ್ದುವುದು ನ್ಯಾಯವೆಂದು ತೋರಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ನೊಗುಚಿ ಹುಟ್ಟಿದ್ದು 1876ನೆಯ ಇಸವಿ ನವೆಂಬರ್ 9ರಂದು, ಜಪಾನಿನ ಫುಕುಷಿಮಾ ಪ್ರಾಂತ್ಯದಲ್ಲಿ, ಇನಾವಾಷಿರೊ ಎಂಬ ದೊಡ್ಡ ಸರೋವರದ ಬಳಿಯ ಹಳ್ಳಿಯಲ್ಲಿ. ತಂದೆತಾಯಿಗಳು ಇಟ್ಟ ಹೆಸರು ಸೇಸಾಕು. ತಂದೆ ಕುಡಿತಕ್ಕೆ ದಾಸನಾಗಿದ್ದುದರಿಂದ ಸಂಸಾರದ ನೊಗವನ್ನು ಎಳೆದವಳು ತಾಯಿ ಷಿಕಾ. ಆಕೆ ಗದ್ದೆಯಲ್ಲಿ ದುಡಿದಳು, ಹೊರೆ ಹೊತ್ತಳು, ಮುಂದೆ ಸೂಲಗಿತ್ತಿಯಾಗಿಯೂ ಕೆಲಸ ಮಾಡಿದಳು. ಮಗುವಿಗೆ ಒಂದೂವರೆ ವರ್ಷವಾಗಿದ್ದಾಗ ಅದು ಮನೆಯ ನಡುವಿನ ಒಲೆಗುಂಡಿಗೆ ಉರುಳಿಬಿತ್ತು. ಎಡಗೈ ಸುಟ್ಟು ಬೆರಳುಗಳು ಒಂದಕ್ಕೊಂದು ಅಂಟಿಕೊಂಡುವು. ಈ ಕೈಯಿಂದ ಬೇಸಾಯ ಸಾಗದು, ಓದಿಯಾದರೂ ಬದುಕಲೆಂದು ತಾಯಿ ಮಗನನ್ನು ಶಾಲೆಗೆ ಕಳುಹಿಸಿದಳು.

ಶಾಲೆಯಲ್ಲಿ ಕೊಬಯಾಷಿ ಎಂಬ ಉಪಾಧ್ಯಾಯರು ಹುಡುಗನ ಬುದ್ಧಿಯನ್ನು ಗುರುತಿಸಿ ಮುಂದಿನ ಓದಿಗೆ ದಾರಿ ಮಾಡಿಕೊಟ್ಟರು. 1892ರಲ್ಲಿ ಉಪಾಧ್ಯಾಯರೂ ಸಹಪಾಠಿಗಳೂ ಹಣ ಕೂಡಿಸಿದರು. ಅಮೆರಿಕದಲ್ಲಿ ಕಲಿತು ಬಂದಿದ್ದ ಡಾಕ್ಟರ್ ವತನಾಬೆ ಶಸ್ತ್ರಚಿಕಿತ್ಸೆ ಮಾಡಿ ಅಂಟಿಕೊಂಡಿದ್ದ ಬೆರಳುಗಳನ್ನು ಬಿಡಿಸಿದರು. ಕೈ ಪೂರ್ತಿ ಸರಿಹೋಗಲಿಲ್ಲ. ಆದರೆ ಒಂದಿಷ್ಟು ಉಪಯೋಗಕ್ಕೆ ಬಂತು. ವೈದ್ಯವಿದ್ಯೆಯ ಶಕ್ತಿಯನ್ನು ತನ್ನ ಕೈಯಲ್ಲೇ ಕಂಡ ಹುಡುಗ ಅದೇ ಡಾಕ್ಟರರ ಚಿಕಿತ್ಸಾಲಯದಲ್ಲಿ ಕೆಲಸಕ್ಕೆ ನಿಂತನು. 1896ರಲ್ಲಿ ಟೋಕಿಯೊಕ್ಕೆ ಹೊರಟಾಗ, ಅಂದುಕೊಂಡದ್ದನ್ನು ಸಾಧಿಸದೆ ಈ ನೆಲವನ್ನು ಮತ್ತೆ ತುಳಿಯುವುದಿಲ್ಲವೆಂದು ಮನೆಯ ಕಂಬದ ಮೇಲೆ ಕೆತ್ತಿ ಹೋದನು. ಮರುವರ್ಷ ವೈದ್ಯ ಪರೀಕ್ಷೆಯಲ್ಲಿ ತೇರ್ಗಡೆಯಾದನು. ಹಿದೆಯೊ ಎಂದು ಹೆಸರು ಬದಲಿಸಿಕೊಂಡದ್ದು 1898ರಲ್ಲಿ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ನನ್ನ ಪದವಿಯ ಹೆಸರನ್ನು ನೆಟ್ಟಗೆ ಹೇಳಲು ಅವ್ವನಿಗೆ ಇನ್ನೂ ಬಾರದು. ಆದಕಾರಣ ಆ ಕಂಬದ ಬರಹದ ಕಥೆಯನ್ನು ಓದಿದಾಗ ನನ್ನ ಮೈ ಜುಮ್ಮೆಂದಿತ್ತು. ಹಳ್ಳಿಯಿಂದ ಹೊರಟವನು ಸೋತು ಹಿಂದಿರುಗಬಾರದೆಂಬ ಹಟ ನನಗೆ ಅರ್ಥವಾಗುತ್ತದೆ. ಆ ಹಟವೇ ಮನುಷ್ಯನನ್ನು ದಾರಿ ತಪ್ಪಿಸಲೂಬಲ್ಲುದೆಂಬುದು ಮಾತ್ರ ಆಗ ಅರ್ಥವಾಗಿರಲಿಲ್ಲ.

ಟೋಕಿಯೊದಲ್ಲಿ ನೊಗುಚಿ, ಹೆಸರಾಂತ ಕಿತಸಾಟೊ ಷಿಬಸಬುರೊ ಅವರ ಸಾಂಕ್ರಾಮಿಕ ರೋಗಗಳ ಸಂಸ್ಥೆಯಲ್ಲಿ ಸಹಾಯಕನಾದನು. ಅಲ್ಲಿ ವಿಶ್ವವಿದ್ಯಾನಿಲಯಗಳಲ್ಲಿ ಓದಿದವರಿಗೆ ಇದ್ದ ಮನ್ನಣೆ ಈ ಹಳ್ಳಿಗನಿಗೆ ಇರಲಿಲ್ಲ. 1899ರಲ್ಲಿ ಅಮೆರಿಕದ ಸೈಮನ್ ಫ್ಲೆಕ್ಸ್‌ನರ್ ಜಪಾನಿಗೆ ಬಂದಾಗ ನೊಗುಚಿಗೆ ಅವರ ಪರಿಚಯವಾಯಿತು. ಅದೊಂದು ಎಳೆಯನ್ನೇ ನಂಬಿ 1900ರ ಡಿಸೆಂಬರಿನಲ್ಲಿ ಹಡಗು ಹತ್ತಿ, ಕರೆಯದಿದ್ದರೂ ಫಿಲಡೆಲ್ಫಿಯದಲ್ಲಿ ಫ್ಲೆಕ್ಸ್‌ನರರ ಬಾಗಿಲಲ್ಲಿ ನಿಂತನು. ಇಲ್ಲಿ ಮುಚ್ಚಿಡಬಾರದ ಒಂದು ಸಂಗತಿಯುಂಟು. ಮದುವೆಯ ಮಾತು ಕೊಟ್ಟು ಹೆಣ್ಣಿನ ಕಡೆಯವರಿಂದ ಪಡೆದಿದ್ದ ಪ್ರಯಾಣದ ಹಣವನ್ನು ಆತನು ಬೀಳ್ಕೊಡುಗೆಯ ಔತಣದಲ್ಲಿ ಉಡಾಯಿಸಿಬಿಟ್ಟಿದ್ದನು. ಚಿವಾಕಿ ಎಂಬ ದಂತವೈದ್ಯ ಮಿತ್ರರು ಮತ್ತೆ ಸಾಲ ಮಾಡಿ ಹಣ ಹೊಂದಿಸಿ ಕಳುಹಿಸಿದರು. ಕೊಟ್ಟ ಮಾತಿನಂತೆ ಆ ಮದುವೆ ನಡೆಯಲೂ ಇಲ್ಲ. ನನ್ನ ಭಾಷಣದಲ್ಲಿ ಈ ಸಂಗತಿಗೆ ಎಡೆಯಿರಲಿಲ್ಲ.

ಅಮೆರಿಕದಲ್ಲಿ ಮೊದಲು ದೊರೆತ ಕೆಲಸ ಹಾವಿನ ವಿಷದ ಸಂಶೋಧನೆ. ಬಳಿಕ ಡೆನ್ಮಾರ್ಕಿನಲ್ಲಿ ಕೆಲಕಾಲ ಕಲಿತು, 1904ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯನ್ನು ಸೇರಿದನು. ಹಗಲಿರುಳು ದುಡಿಯುವವನೆಂದು ಹೆಸರಾಯಿತು. 1913ರಲ್ಲಿ ಆತನು ಮಾಡಿದ ಕೆಲಸ ಇಂದಿಗೂ ನಿಂತಿದೆ. ಒಂದು ಬಗೆಯ ಹುಚ್ಚಿನಿಂದ ಸತ್ತವರ ಮಿದುಳಿನಲ್ಲಿ ಸಿಫಿಲಿಸ್ ರೋಗದ ಅಣುಜೀವಿಯನ್ನು ಕಂಡು, ಆ ಹುಚ್ಚು ಸಿಫಿಲಿಸಿನ ಕೊನೆಯ ಹಂತವೆಂಬುದನ್ನು ಸ್ಥಿರಪಡಿಸಿದನು. ಅದೇ ಅಣುಜೀವಿಯನ್ನು ಶುದ್ಧವಾಗಿ ಬೆಳೆಸಿದೆನೆಂದು 1911ರಲ್ಲಿ ಸಾರಿದ್ದು ಮಾತ್ರ ನಿಲ್ಲಲಿಲ್ಲ. ಬೇರೆಯವರು ಮಾಡಿ ನೋಡಿದಾಗ ಅದು ಸಾಧ್ಯವಾಗಲಿಲ್ಲ. ಅದೇ ವರ್ಷಗಳಲ್ಲಿ ಸಿಫಿಲಿಸ್ ಪತ್ತೆಹಚ್ಚುವ ಒಂದು ಚರ್ಮಪರೀಕ್ಷೆಯನ್ನು ನ್ಯೂಯಾರ್ಕಿನ ಆಸ್ಪತ್ರೆಗಳ ರೋಗಿಗಳ ಮೇಲೆಯೂ, ಆ ರೋಗವಿಲ್ಲದ ಅನಾಥ ಮಕ್ಕಳ ಮೇಲೆಯೂ ಅವರ ಒಪ್ಪಿಗೆಯಿಲ್ಲದೆ ನಡೆಸಿದನೆಂದು ದೊಡ್ಡ ಆಕ್ಷೇಪವೆದ್ದಿತು. ಬಡತನದಲ್ಲಿ ಬೆಳೆದವನಿಗೆ ದಿಕ್ಕಿಲ್ಲದ ಮಕ್ಕಳ ಕೈಗೆ ಸೂಜಿ ಚುಚ್ಚುವಾಗ ಕೈ ನಡುಗಲಿಲ್ಲವೆ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಊರಿನಲ್ಲಿ ತಾಯಿ ಕಾದಿದ್ದಳು. ಹೆಚ್ಚು ಅಕ್ಷರ ಬಾರದ ಆಕೆ 1912ರಲ್ಲಿ ತಾನೇ ಕಷ್ಟಪಟ್ಟು, ಬೇಗ ಬಾ ಎಂದು ಮಗನಿಗೆ ಒಂದು ಕಾಗದ ಬರೆದಳು. 1915ರಲ್ಲಿ, ಹೊರಟ ಹದಿನೈದು ವರ್ಷಗಳ ಮೇಲೆ, ಮಗ ಕೀರ್ತಿವಂತನಾಗಿ ಬಂದನು. ಜಪಾನು ಪ್ರಶಸ್ತಿ ನೀಡಿ ಮೆರೆಸಿತು. ಕೆಲವು ದಿನ ಮಗನೊಡನೆ ಸುತ್ತಾಡಿದ ಷಿಕಾ 1918ರಲ್ಲಿ ತೀರಿಕೊಂಡಳು. ಆತನು ಹಳದಿ ಜ್ವರದ ಬೆನ್ನುಹತ್ತಿದ್ದೂ ಅದೇ ವರ್ಷ.

ಹಳದಿ ಜ್ವರವೆಂದರೇನೆಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಇದು ಆಫ್ರಿಕದಲ್ಲಿ ಹುಟ್ಟಿದ ರೋಗ. ಗುಲಾಮರನ್ನು ತುಂಬಿಕೊಂಡು ಅಟ್ಲಾಂಟಿಕ್ ದಾಟಿದ ಹಡಗುಗಳೊಡನೆ ಅಮೆರಿಕ ಖಂಡಗಳಿಗೂ ಹಬ್ಬಿತು. ತೀವ್ರವಾದಾಗ ಕಣ್ಣು ಮೈ ಹಳದಿಗಟ್ಟಿ, ರಕ್ತ ವಾಂತಿಯಾಗಿ ರೋಗಿ ಸಾಯುತ್ತಾನೆ. ಇದನ್ನು ಸೊಳ್ಳೆ ಹರಡುತ್ತದೆಂದು ಕ್ಯೂಬಾದ ಕಾರ್ಲೋಸ್ ಫಿನ್ಲೆ 1881ರಲ್ಲೇ ಹೇಳಿದ್ದರು. 1900ರಲ್ಲಿ ವಾಲ್ಟರ್ ರೀಡರ ತಂಡ ಅದನ್ನು ಸಿದ್ಧಪಡಿಸಿತು. ನಮ್ಮ ಊರುಗಳಲ್ಲಿ ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಯೇ ಅದು. ಆದರೆ ಸೊಳ್ಳೆ ಹೊತ್ತು ತರುವ ರೋಗಾಣು ಯಾವುದೆಂಬುದು ಯಾರಿಗೂ ಗೊತ್ತಾಗಿರಲಿಲ್ಲ.

ರಾಕ್‌ಫೆಲರ್ ಪ್ರತಿಷ್ಠಾನದವರು ನೊಗುಚಿಯನ್ನು ಈಕ್ವಡಾರ್ ದೇಶದ ಗ್ವಾಯಾಕಿಲ್ ಪಟ್ಟಣಕ್ಕೆ ಕಳುಹಿಸಿದರು. ಆತನು ರೋಗಿಗಳ ರಕ್ತವನ್ನು ಗಿನಿಪಿಗ್‌ಗಳಿಗೆ ಚುಚ್ಚಿದನು. ಅವುಗಳಲ್ಲಿ ಕೆಲವು ಕಾಯಿಲೆ ಬಿದ್ದುವು. ಅವುಗಳ ರಕ್ತದಲ್ಲಿ ತಿರುಪಿನಂತೆ ಸುರುಳಿಸುತ್ತಿದ ಒಂದು ಸೂಕ್ಷ್ಮಜೀವಿ ಕಂಡಿತು. ಇದೇ ಹಳದಿ ಜ್ವರದ ಮೂಲವೆಂದು ಸಾರಿ, ಅದರಿಂದ ಲಸಿಕೆಯನ್ನೂ ಸಿದ್ಧಮಾಡಿದನು. ಲೋಕ ಕೊಂಡಾಡಿತು. ತಪ್ಪು ನಡೆದದ್ದು ಎಲ್ಲಿ? ಹಳದಿ ಜ್ವರ ಗಿನಿಪಿಗ್‌ಗೆ ಕಾಯಿಲೆ ತರುವುದೇ ಇಲ್ಲ. ಆದರೆ ನಾವು ಇಲಿಜ್ವರವೆಂದು ಕರೆಯುವ ಇನ್ನೊಂದು ರೋಗವುಂಟು. ಅದರಲ್ಲಿಯೂ ಕಾಮಾಲೆ ಬರುತ್ತದೆ. ಗಿನಿಪಿಗ್‌ಗೆ ಅದು ಬಲುಬೇಗ ಅಂಟುತ್ತದೆ. ಆತನು ನೋಡಿದ ರೋಗಿಗಳಲ್ಲಿ ಕೆಲವರು ಇಲಿಜ್ವರದವರು. ಎರಡನ್ನೂ ಒಂದೇ ಎಂದು ತಿಳಿದು, ಆತನು ಇಲಿಜ್ವರದ ರೋಗಾಣುವಿಗೆ ಹಳದಿ ಜ್ವರದ ಹೆಸರಿಟ್ಟನು. ನಿಜವಾದ ರೋಗಾಣು ವೈರಸ್. ಆ ಕಾಲದ ಸೂಕ್ಷ್ಮದರ್ಶಕಕ್ಕೆ ಅದು ಕಾಣುವಂತೆಯೇ ಇರಲಿಲ್ಲ.

ಸಂಶಯಪಟ್ಟವರು ಇಲ್ಲದಿರಲಿಲ್ಲ. 1926ರಲ್ಲಿ ಹಾರ್ವರ್ಡಿನ ಮ್ಯಾಕ್ಸ್ ಥೈಲರ್ ಮತ್ತು ಸೆಲ್ಲಾರ್ಡ್ಸ್, ನೊಗುಚಿಯ ರೋಗಾಣುವೂ ಇಲಿಜ್ವರದ ರೋಗಾಣುವೂ ಒಂದೇ ಎಂದು ತೋರಿಸಿದರು. ಥೈಲರಿಗೆ ಆಗ ಇಪ್ಪತ್ತೇಳು ವಯಸ್ಸು; ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ ಹುಟ್ಟಿದವರು. ಇತ್ತ 1925ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನ ನೈಜೀರಿಯದ ಲೇಗೋಸಿನ ಬಳಿ ಯಾಬಾದಲ್ಲಿ ಒಂದು ಪ್ರಯೋಗಶಾಲೆಯನ್ನು ತೆರೆದಿತ್ತು. ಅಲ್ಲಿಯವರು ರೋಗಿಯಿಂದ ರೋಗಿಗೆ ಹುಡುಕಿದರೂ ನೊಗುಚಿಯ ಸೂಕ್ಷ್ಮಜೀವಿ ಸಿಗಲಿಲ್ಲ.

ಅವರಿಗೆ ಸಿಕ್ಕಿದ್ದು ಬೇರೆ. ಇಂದಿನ ಘಾನಾ ದೇಶದಲ್ಲಿರುವ ಕ್ಪೆವೆ ಎಂಬ ಹಳ್ಳಿಯಲ್ಲಿ ಇಪ್ಪತ್ತೆಂಟು ವರ್ಷದ ಅಸಿಬಿ ಎಂಬ ಯುವಕ ಜ್ವರದಿಂದ ಮಲಗಿದ್ದನು. 1927ರ ಜೂನ್ 30ರಂದು ಆತನ ರಕ್ತವನ್ನು ತೆಗೆದು ಒಂದು ಕೋತಿಗೆ ಚುಚ್ಚಿದರು. ಹಳದಿ ಜ್ವರದ ವೈರಸ್ಸು ರಕ್ತದಲ್ಲಿ ಇರುವುದು ಕಾಯಿಲೆಯ ಮೊದಲ ಕೆಲವು ದಿನ ಮಾತ್ರ. ಹೊತ್ತು ಮೀರಿದರೆ ದೊರೆಯದು. ಅಂದು ಹೊತ್ತು ಕೂಡಿಬಂದಿತ್ತು. ಆ ಕೋತಿಯೂ ಆಫ್ರಿಕದ್ದಲ್ಲ. ಆಫ್ರಿಕದ ಕೋತಿಗಳು ಎಷ್ಟೋ ಕಾಲದಿಂದ ಈ ವೈರಸ್ಸಿನೊಡನೆ ಬಾಳಿದವು. ಅವು ಸಾಮಾನ್ಯವಾಗಿ ಸಾಯುವುದಿಲ್ಲ. ಇದು ನಮ್ಮ ಉತ್ತರ ಭಾರತದ ಊರುಕೇರಿಗಳಲ್ಲಿ ಓಡಾಡುವ ರೀಸಸ್ ಜಾತಿಯ ಕೋತಿ. ಅದು ಸತ್ತಿತು. ಅದರ ರಕ್ತ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ರೋಗವನ್ನು ದಾಟಿಸಿತು. ಸೂಕ್ಷ್ಮಜೀವಿಗಳನ್ನು ತಡೆಯುವ ಸೋಸುಕದ ಮೂಲಕ ಇಳಿಸಿದರೂ ರೋಗ ತರುವ ಶಕ್ತಿ ಉಳಿಯಿತು. ಎಂದರೆ ಇದು ವೈರಸ್ಸೇ ಸರಿ. ಈ ಕೆಲಸದಲ್ಲಿ ಮುಂದಾಳಾಗಿದ್ದ ಏಡ್ರಿಯನ್ ಸ್ಟೋಕ್ಸ್ ಅದೇ ವರ್ಷ ಸೆಪ್ಟೆಂಬರ್ 19ರಂದು ಅದೇ ಜ್ವರದಿಂದ ಮಡಿದರು. ಅಸಿಬಿ ಬದುಕಿಕೊಂಡನು.

ಈ ಸುದ್ದಿ ಮುಟ್ಟಿದಾಗ ನೊಗುಚಿಗೆ ಐವತ್ತು ದಾಟಿತ್ತು, ಮೈಯಲ್ಲಿ ಆರೋಗ್ಯವಿರಲಿಲ್ಲ. ಸುಮ್ಮನೆ ನ್ಯೂಯಾರ್ಕಿನಲ್ಲಿ ಕುಳಿತು ತನ್ನ ಮಾತನ್ನೇ ಸಾಧಿಸುತ್ತಿರಬಹುದಾಗಿತ್ತು. ಅಥವಾ ಬೇರೆ ಕೆಲಸದ ಮರೆಯಲ್ಲಿ ನಿಲ್ಲಬಹುದಾಗಿತ್ತು. ಏಕೆಂದರೆ ಪೆರು ದೇಶದ ಒರೋಯಾ ಜ್ವರದ ರೋಗಾಣುವನ್ನು ಬೆಳೆಸಿ ತೋರಿಸಿದ ಆತನ ಆ ವರ್ಷಗಳ ಕೆಲಸ ಸರಿಯಾದದ್ದೇ ಆಗಿತ್ತು. ಆತನು ಹಾಗೆ ಮಾಡಲಿಲ್ಲ. 1927ರ ಅಕ್ಟೋಬರಿನಲ್ಲಿ ಹಡಗು ಹತ್ತಿ ನವೆಂಬರಿನಲ್ಲಿ ಅಕ್ರಾದಲ್ಲಿ ಇಳಿದನು. ಸತ್ಯವನ್ನು ಅರಸಿ ಹೋದನೋ, ತನ್ನ ಮಾತನ್ನು ಉಳಿಸಿಕೊಳ್ಳಲು ಹೋದನೋ? ಎರಡೂ ಇದ್ದುವೆಂದೇ ನನಗೆ ತೋರುತ್ತದೆ. ಆದರೆ ಹೋದದ್ದು ರೋಗವಿದ್ದ ಜಾಗಕ್ಕೆ. ತನ್ನ ಮಾತು ಸುಳ್ಳಾಗಬಹುದಾದ ಜಾಗಕ್ಕೆ.

ಅಕ್ರಾದ ಕೊರ್ಲೆ ಬು ಆಸ್ಪತ್ರೆಯ ಆವರಣದಲ್ಲಿ, ವಿಲಿಯಂ ಯಂಗ್ ಎಂಬ ಬ್ರಿಟಿಷ್ ವೈದ್ಯರ ನೆರವಿನಿಂದ ಆತನು ಕೆಲಸ ಹೂಡಿದನು. ನೂರಾರು ಕೋತಿಗಳನ್ನು ತರಿಸಿದನು, ರಾತ್ರಿಯೆಲ್ಲ ದುಡಿದನು. ಆರು ತಿಂಗಳು ಕಳೆದರೂ ದಕ್ಷಿಣ ಅಮೆರಿಕದಲ್ಲಿ ಕಂಡ ತನ್ನ ರೋಗಾಣು ಅಲ್ಲಿ ಕಾಣಲಿಲ್ಲ. 1928ರ ಮೇ ತಿಂಗಳಲ್ಲಿ ಹಿಂದಿರುಗುವ ಸಿದ್ಧತೆಯಲ್ಲಿದ್ದವನು ಲೇಗೋಸಿಗೆ ಹೋಗಿ ಬಂದು ಹಾಸಿಗೆ ಹಿಡಿದನು. ಮೇ 21ರಂದು ಹಳದಿ ಜ್ವರದಿಂದಲೇ ತೀರಿಕೊಂಡನು. ಅದೇ ತಿಂಗಳ ಕೊನೆಯಲ್ಲಿ ಯಂಗರೂ ಅದೇ ರೋಗಕ್ಕೆ ಬಲಿಯಾದರು. ನೊಗುಚಿಯ ದೇಹವನ್ನು ನ್ಯೂಯಾರ್ಕಿಗೆ ಒಯ್ದು ಮಣ್ಣುಮಾಡಿದರು. ನಮ್ಮ ಅಧ್ಯಾಪಕರ ಪ್ರಶ್ನೆಗೆ ಇದೇ ಉತ್ತರ: ಆತನ ಲಸಿಕೆ ಬೇರೊಂದು ರೋಗದ ಲಸಿಕೆ, ಹಳದಿ ಜ್ವರದಿಂದ ಅದು ಯಾರನ್ನೂ ಕಾಯುವಂತಿರಲಿಲ್ಲ. ಅದನ್ನು ನಂಬಿ ತೋಳು ಒಡ್ಡಿದವರೂ ಇದ್ದರೆಂಬುದನ್ನು ನಾವು ಮರೆಯಬಾರದು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ನೊಗುಚಿಯ ತಪ್ಪನ್ನು ತೋರಿಸಿದ ಥೈಲರರೇ, ಅಸಿಬಿಯ ರಕ್ತದಿಂದ ಬಂದ ವೈರಸ್ಸನ್ನು ಪ್ರಯೋಗಶಾಲೆಯಲ್ಲಿ ಮತ್ತೆಮತ್ತೆ ಬೆಳೆಸಿ ಅದರ ಉಗ್ರತೆಯನ್ನು ತಗ್ಗಿಸಿ, 1937ರಲ್ಲಿ 17ಡಿ ಎಂಬ ಲಸಿಕೆಯನ್ನು ಕೊಟ್ಟರು. 1951ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಇಂದಿಗೂ ಕೋಳಿಮೊಟ್ಟೆಯಲ್ಲಿ ಬೆಳೆಸಿ ಹಾಕುವುದು ಆ ಲಸಿಕೆಯನ್ನೇ. ಒಮ್ಮೆ ಹಾಕಿಸಿಕೊಂಡರೆ ಜೀವಮಾನಕ್ಕೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಹೇಳಿತು. ಕೋಟ್ಯಂತರ ಜನರ ತೋಳಿಗೆ ಇಳಿದ ಆ ಲಸಿಕೆಯ ಬೇರು ಕ್ಪೆವೆಯ ಒಬ್ಬ ಜ್ವರಪೀಡಿತನಲ್ಲಿದೆ. ಪ್ರಯೋಗಶಾಲೆಗಳಲ್ಲಿ ಆ ವೈರಸ್ಸಿಗೆ ಅಸಿಬಿ ತಳಿಯೆಂದೇ ಹೆಸರು. ನನ್ನ ಭಾಷಣದಲ್ಲಿ ಅಸಿಬಿಯ ಹೆಸರೇ ಬಂದಿರಲಿಲ್ಲ. ಆಳಿದವರ ಮತ್ತು ವಿಜ್ಞಾನಿಗಳ ಹೆಸರುಗಳ ನಡುವೆ ರೋಗಿಗಳ ಹೆಸರು ಹೇಗೆ ಬಿಟ್ಟುಹೋಗುತ್ತದೆಂಬುದಕ್ಕೆ ನಾನೇ ಉದಾಹರಣೆಯಾದೆ.

ಬಿಟ್ಟುಹೋದದ್ದು ಹೆಸರು ಮಾತ್ರವಲ್ಲ. ಪಶ್ಚಿಮ ಆಫ್ರಿಕದ ಜನರಿಗೆ ಹಳದಿ ಜ್ವರ ತಗುಲುವುದೇ ಇಲ್ಲವೆಂದು ಯುರೋಪಿನ ಅನೇಕರು ಬಹುಕಾಲ ತಿಳಿದಿದ್ದರು. ವಸಾಹತು ಆಡಳಿತದ ಗಮನವೆಲ್ಲ ಮುಖ್ಯವಾಗಿ ಬಂದರುಗಳ ಮೇಲೆ, ಬಿಳಿಯ ಅಧಿಕಾರಿಗಳ ಬಡಾವಣೆಗಳ ಮೇಲೆ. 1930ರ ದಶಕದಲ್ಲಿ ಹಳ್ಳಿಹಳ್ಳಿಗಳ ಜನರ ರಕ್ತವನ್ನು ಪರೀಕ್ಷಿಸಿದಾಗ ನಿಜ ತಿಳಿಯಿತು: ಅಲ್ಲಿಯ ಅನೇಕರು ಚಿಕ್ಕಂದಿನಲ್ಲೇ ಈ ಜ್ವರ ತಗುಲಿ ಉಳಿದವರು. ಉಳಿಯದ ಮಕ್ಕಳ ಲೆಕ್ಕವನ್ನು ಯಾರೂ ಬರೆದಿಟ್ಟಿರಲಿಲ್ಲ. ಲಸಿಕೆ ಬಂದ ಮೇಲೂ ರೋಗ ಹೋಗಿಲ್ಲ. ಕಾಡಿನ ಕೋತಿ ಸೊಳ್ಳೆಗಳ ನಡುವೆ ಅದು ಸುತ್ತುತ್ತಲೇ ಇರುತ್ತದೆ. 2016ರಲ್ಲಿ ಅಂಗೋಲಾದಿಂದ ಕಾಂಗೋಗೆ ಹಬ್ಬಿದಾಗ ಲಸಿಕೆ ಸಾಲದೆ, ಕಿನ್ಶಾಸಾ ನಗರದಲ್ಲಿ ಒಬ್ಬರ ಪಾಲನ್ನು ಐದು ಜನರಿಗೆ ಹಂಚಿ ಹಾಕಬೇಕಾಯಿತು.

ಇಷ್ಟೆಲ್ಲ ದೂರದ ಕಥೆ ನಮಗೇಕೆ ಎನ್ನುವವರಿಗೆ ಒಂದು ಮಾತು. ನಮ್ಮ ಊರು ಸೊರಬದ ಕಡೆ. 1957ರಲ್ಲಿ ಅದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದುವು. ಸುತ್ತಲ ಹಳ್ಳಿಗಳಲ್ಲಿ ಜ್ವರ ಎದ್ದಿತು. ಆಗ ಚಿಕ್ಕವಳಾಗಿದ್ದ ನಮ್ಮ ಅಜ್ಜಿ, ಸೌದೆಗೆಂದು ಕಾಡಿಗೆ ಹೋಗಲು ಜನ ಹೆದರುತ್ತಿದ್ದುದನ್ನು ಈಗಲೂ ಹೇಳುತ್ತಾಳೆ. ಆಫ್ರಿಕದ ಹಳದಿ ಜ್ವರವೇ ಭಾರತಕ್ಕೆ ಬಂದಿತೆಂದು ವೈದ್ಯರು ಮೊದಲು ಶಂಕಿಸಿದ್ದರು. ಅದು ಹಾಗಲ್ಲ, ಉಣುಗುಗಳಿಂದ ಹರಡುವ ಹೊಸ ವೈರಸ್ಸೆಂದು ಕಂಡುಕೊಂಡದ್ದು ಪುಣೆಯ ವೈರಸ್ ಸಂಶೋಧನ ಕೇಂದ್ರ. ಆ ಕೇಂದ್ರವನ್ನು 1952ರಲ್ಲಿ ನಮ್ಮ ದೇಶದ ವೈದ್ಯಕೀಯ ಸಂಶೋಧನ ಮಂಡಳಿಯೊಡನೆ ಸೇರಿ ಕಟ್ಟಿದ್ದು ಅದೇ ರಾಕ್‌ಫೆಲರ್ ಪ್ರತಿಷ್ಠಾನ. ಮಂಗನ ಕಾಯಿಲೆಯ ವೈರಸ್ಸೂ ಹಳದಿ ಜ್ವರದ ವೈರಸ್ಸೂ ಒಂದೇ ಬಳಗದವು. ಶಂಕೆಯನ್ನೇ ತೀರ್ಮಾನವೆಂದು ಸಾರಿಬಿಟ್ಟಿದ್ದರೆ ನಮ್ಮ ಜನರ ಗತಿ ಏನಾಗುತ್ತಿತ್ತು? ಉಣುಗನ್ನು ಬಿಟ್ಟು ಸೊಳ್ಳೆಯನ್ನು ಬೆನ್ನಟ್ಟುತ್ತ ಕಾಲ ಕಳೆಯುತ್ತಿದ್ದೆವು.

ಜಪಾನು ನೊಗುಚಿಯನ್ನು ಮರೆತಿಲ್ಲ. 1979ರಲ್ಲಿ ಆ ದೇಶದ ನೆರವಿನಿಂದ ಘಾನಾ ವಿಶ್ವವಿದ್ಯಾನಿಲಯದಲ್ಲಿ ಆತನ ಹೆಸರಿನ ವೈದ್ಯಕೀಯ ಸಂಶೋಧನ ಸಂಸ್ಥೆ ತಲೆಯೆತ್ತಿತು. ಅಲ್ಲಿ ಈಗ ಘಾನಾದ ವಿಜ್ಞಾನಿಗಳೇ ತಮ್ಮ ಜನರ ರೋಗಗಳನ್ನು ಪರೀಕ್ಷಿಸುತ್ತಾರೆ. 2020ರ ಕೋವಿಡ್ ಕಾಲದಲ್ಲಿ ಆ ದೇಶದ ಪರೀಕ್ಷೆಗಳ ಬಹುಭಾರವನ್ನು ಹೊತ್ತದ್ದು ಆ ಸಂಸ್ಥೆಯೇ. 2004ರಿಂದ ಜಪಾನಿನ ಸಾವಿರ ಯೆನ್ ನೋಟಿನ ಮೇಲೆ ನೊಗುಚಿಯ ಚಿತ್ರವಿತ್ತು. 2024ರಲ್ಲಿ ಹೊರಬಂದ ಹೊಸ ನೋಟಿನ ಮೇಲೆ ಇರುವುದು ಆತನ ಹಳೆಯ ಗುರು ಕಿತಸಾಟೊ ಅವರ ಚಿತ್ರ.

ಹಾಗಾದರೆ ನೊಗುಚಿಯನ್ನು ನಾವು ಏನೆಂದು ನೆನೆಯಬೇಕು? ಮೊದಲು ದೇವರೆಂದು ಪೂಜಿಸಿ, ಆಮೇಲೆ ಮೋಸಗಾರನೆಂದು ದೂಡಿಬಿಡುವುದು ಸುಲಭ. ಓದಿ ಮುಗಿಸಿದ ಮೇಲೆ ನನಗೆ ಎರಡೂ ಸರಿಕಾಣಲಿಲ್ಲ. ಬಡತನದಿಂದ ಏರಿ ಬಂದವನಿಗೆ ಕಾಲು ಜಾರಿದರೆ ಹಿಡಿಯುವವರಿಲ್ಲವೆಂಬ ಭಯವಿರುತ್ತದೆ. ಆ ಭಯದಲ್ಲಿ ಆತನು ಆತುರಪಟ್ಟನು, ಪರೀಕ್ಷಿಸಬೇಕಾದಷ್ಟು ಪರೀಕ್ಷಿಸದೆ ಸಾರಿದನು. ಅದರ ಬೆಲೆಯನ್ನು ಬೇರೆಯವರೂ ತೆತ್ತರು. ಆದರೂ ಕೊನೆಗೆ ತಾನೇ ಹೋಗಿ ನೋಡಿದನು.

ಆ ಬಹುಮಾನದ ಪುಸ್ತಕ ಈಗಲೂ ನನ್ನ ಬಳಿಯಿದೆ. ಅದರಲ್ಲಿ ನೊಗುಚಿ ರೋಗಾಣುವನ್ನು ಕಂಡುಹಿಡಿದನೆಂಬ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಅಸಿಬಿಯ ಹೆಸರನ್ನೂ 1927 ಎಂಬ ಇಸವಿಯನ್ನೂ ಬರೆದಿದ್ದೇನೆ. ರಜೆಯಲ್ಲಿ ಊರಿಗೆ ಹೋದಾಗ ಅದನ್ನು ನಮ್ಮೂರ ಶಾಲೆಗೆ ಕೊಟ್ಟುಬರಬೇಕೆಂದಿದ್ದೇನೆ. ನನ್ನ ಹಿಂದೆ ಬರುವ ಹುಡುಗರು ಅದನ್ನು ಓದಲಿ, ಪಕ್ಕದ ಬರಹವನ್ನೂ ಓದಲಿ. ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಿದ ಅಧ್ಯಾಪಕರಿಗೆ ನಾನು ಋಣಿ.